ಸಿ ಡ್ರೈವ್‌ನಲ್ಲಿ ಮೂರು ಜಿಬಿ ಉಳಿದಾಗ: ಯಾವ ಸಿಸ್ಟಂ ಕಡತವನ್ನು ಅಳಿಸಿದೆ, ಯಾವುದನ್ನು ಬಿಟ್ಟೆ

ವಿಂಡೋಸ್ 11 ಇರುವ ನನ್ನ ಲ್ಯಾಪ್‌ಟಾಪ್ ಮೂರು ವಾರಗಳಿಂದ ಒಂದೇ ಅಪ್‌ಡೇಟನ್ನು ಇಳಿಸಿಕೊಳ್ಳುವುದು, ಅರ್ಧಕ್ಕೆ ನಿಲ್ಲುವುದು, ಜಾಗ ಸಾಲದೆಂದು ಹೇಳಿ ಹಿಂದಕ್ಕೆ ಸರಿಯುವುದು ಹೀಗೆ ಮಾಡುತ್ತಲೇ ಇತ್ತು. ಇದರ ಡಿಸ್ಕ್ 128 ಜಿಬಿಯದು, ಅದನ್ನೂ ಬೋರ್ಡಿಗೇ ಬೆಸೆದುಬಿಟ್ಟಿದ್ದಾರೆ. ಆದ್ದರಿಂದ ದೊಡ್ಡ ಡಿಸ್ಕ್ ತಂದು ಹಾಕುವ ಸುಲಭದ ದಾರಿ ನನಗಿರಲಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಹೇಳುವ 128 ಜಿಬಿಯನ್ನು ವಿಂಡೋಸ್ 1024ರ ಲೆಕ್ಕದಲ್ಲಿ ಅಳೆದು 119 ಎಂದು ತೋರಿಸುತ್ತದೆ. ಅದರಲ್ಲಿ ರಿಕವರಿ ಮತ್ತು ಬೂಟ್ ಪಾರ್ಟಿಷನ್‌ಗಳನ್ನು ಕಳೆದರೆ ಸಿ ಡ್ರೈವ್‌ಗೆ ಸಿಕ್ಕಿದ್ದು 118 ಜಿಬಿ, ನಾನು ಕೆಲಸಕ್ಕೆ ಕುಳಿತಾಗ ಅದರಲ್ಲಿ ಖಾಲಿ ಉಳಿದಿದ್ದು 3.1 ಜಿಬಿ. ನನ್ನ ಸ್ವಂತ ಫೋಟೊ, ವಿಡಿಯೊ, ದಾಖಲೆಗಳನ್ನು ಆಗಲೇ ಹೊರಗಿನ ಡಿಸ್ಕಿಗೆ ಸಾಗಿಸಿಯಾಗಿತ್ತು. ಇನ್ನು ಕೈಹಾಕಬೇಕಾದದ್ದು ಸಿಸ್ಟಂ ಕಡತಗಳಿಗೆ.

ಇಲ್ಲಿ ಒಂದು ತಪ್ಪೊಪ್ಪಿಗೆ ಮಾಡಲೇಬೇಕು. ಕೆಲವು ವರ್ಷಗಳ ಹಿಂದೆ ಇನ್ನೊಂದು ಕಂಪ್ಯೂಟರಿನಲ್ಲಿ ಇದೇ ಸ್ಥಿತಿ ಬಂದಾಗ, ವಿಂಡೋಸ್ ಫೋಲ್ಡರಿನ ಒಳಗೆ ಅಡಗಿರುವ ಇನ್‌ಸ್ಟಾಲರ್ ಎಂಬ ಫೋಲ್ಡರನ್ನು ಕಂಡು, ಹೆಸರಿನಿಂದಲೇ ಅರ್ಥ ಮಾಡಿಕೊಂಡವನಂತೆ, ಇನ್‌ಸ್ಟಾಲ್ ಆಗಿ ಮುಗಿದ ಮೇಲೆ ಇನ್‌ಸ್ಟಾಲರ್ ಯಾಕೆ ಬೇಕು ಎಂದುಕೊಂಡು ಅದರೊಳಗಿನದನ್ನೆಲ್ಲ ಅಳಿಸಿದ್ದೆ. ಅಂದು ಏನೂ ಆಗಲಿಲ್ಲ, ಮರುದಿನವೂ ಆಗಲಿಲ್ಲ. ಸುಮಾರು ಎರಡು ತಿಂಗಳಾದ ಮೇಲೆ ಆಫೀಸ್ ಕೆಲಸದ ಒಂದು ತಂತ್ರಾಂಶ ತನ್ನ ಅಪ್‌ಡೇಟ್ ಹಾಕಿಕೊಳ್ಳಲು ಹೋಗಿ, ಅಂಕೆ ಮತ್ತು ಅಕ್ಷರ ಬೆರೆತ ಹೆಸರಿನ ಒಂದು ಎಂಎಸ್ಐ ಕಡತ (ತಂತ್ರಾಂಶವನ್ನು ಹಾಕಲು, ತೆಗೆಯಲು ಬೇಕಾಗುವ ಕಡತ) ಎಲ್ಲಿದೆ ಎಂದು ಕೇಳಿತು. ಅದು ನನ್ನ ಬಳಿ ಇರಲಿಲ್ಲ. ಅಪ್‌ಡೇಟ್ ಆಗಲಿಲ್ಲ, ತೆಗೆದುಹಾಕಿ ಹೊಸದಾಗಿ ಹಾಕೋಣವೆಂದರೆ ತೆಗೆದುಹಾಕುವುದಕ್ಕೂ ಅದೇ ಕಡತ ಬೇಕಿತ್ತು. ಕೊನೆಗೆ ವಿಂಡೋಸನ್ನೇ ಮೊದಲಿನಿಂದ ಹಾಕಬೇಕಾಯಿತು. ಸಿಸ್ಟಂ ಕಡತಗಳನ್ನು ಅಳಿಸುವಾಗಿನ ನಿಜವಾದ ಅಪಾಯ ಇದು: ತಪ್ಪಿನ ಫಲ ಕೂಡಲೇ ಕಾಣಿಸುವುದಿಲ್ಲ, ಕಾಣಿಸುವ ಹೊತ್ತಿಗೆ ಏನು ಮಾಡಿದ್ದೆವು ಎಂಬುದೇ ಮರೆತಿರುತ್ತದೆ.

ಆದ್ದರಿಂದ ಈ ಸಲ ಕಡತದ ಹೆಸರು, ಗಾತ್ರ, ದಿನಾಂಕ ನೋಡಿ ತೀರ್ಮಾನಿಸುವುದನ್ನು ಬಿಟ್ಟೆ. ಪ್ರತಿಯೊಂದು ದೊಡ್ಡ ಫೋಲ್ಡರಿನ ಮುಂದೆ ನಿಂತು ಕೇಳಿಕೊಂಡದ್ದು ಇಷ್ಟು: ಇದನ್ನು ಇಲ್ಲಿ ತಂದು ಇಟ್ಟವರು ಯಾರು, ಇದು ಇಲ್ಲಿದೆ ಎಂದು ಬೇರೆಲ್ಲಾದರೂ ಲೆಕ್ಕ ಬರೆದಿಟ್ಟಿದೆಯೇ, ಅಳಿಸಿದರೆ ತಾನಾಗಿಯೇ ಮತ್ತೆ ಹುಟ್ಟುತ್ತದೆಯೇ. ಲೆಕ್ಕ ಬರೆದಿಟ್ಟಿರುವ ಕಡತವನ್ನು ನಾವು ಕೈಯಿಂದ ಅಳಿಸಿದರೆ ಕಡತ ಹೋಗುತ್ತದೆಯೇ ಹೊರತು ಲೆಕ್ಕ ಹೋಗುವುದಿಲ್ಲ. ಮುಂದೊಂದು ದಿನ ಲೆಕ್ಕ ನೋಡಿಕೊಂಡು ಬಂದವರಿಗೆ ಅಲ್ಲಿ ಏನೂ ಸಿಗುವುದಿಲ್ಲ. ಅಂಥದ್ದನ್ನು ತೆಗೆಯಬೇಕಾದರೆ ಲೆಕ್ಕ ಇಟ್ಟವರ ಕೈಯಿಂದಲೇ ತೆಗೆಸಬೇಕು. ನನ್ನ ಹಳೆಯ ತಪ್ಪನ್ನು ಅಳೆದರೆ ಅದು ನಿಂತದ್ದು ಇಲ್ಲಿಯೇ.

ಕೈಹಾಕುವ ಮೊದಲಿನ ಸಿದ್ಧತೆಗೆ ಒಂದು ಸಂಜೆ ಹಿಡಿಯಿತು. ಇಡೀ ಡಿಸ್ಕಿನ ಇಮೇಜನ್ನು, ಅಂದರೆ ಇದ್ದದ್ದು ಇದ್ದ ಹಾಗೆ ಪೂರ್ತಿ ಪ್ರತಿಯನ್ನು, ಹೊರಗಿನ ಡಿಸ್ಕಿಗೆ ತೆಗೆದೆ. ಇನ್ನೊಂದು ಪೆನ್‌ಡ್ರೈವ್‌ನಲ್ಲಿ ರಿಕವರಿ ಡ್ರೈವ್ ಮಾಡಿ, ಅದರಿಂದ ಲ್ಯಾಪ್‌ಟಾಪ್ ನಿಜಕ್ಕೂ ಬೂಟ್ ಆಗುತ್ತದೆಯೇ ಎಂದು ಒಮ್ಮೆ ನೋಡಿದೆ. ಮಾಡಿಟ್ಟು ಪರೀಕ್ಷಿಸದ ರಿಕವರಿ ಡ್ರೈವ್ ಮೇಲೆ ನನಗೆ ನಂಬಿಕೆಯಿಲ್ಲ. ಸಿಸ್ಟಮ್ಮನ್ನು ಹಿಂದಿನ ಸ್ಥಿತಿಗೆ ಮರಳಿಸಲು ನೆರವಾಗುವ ಒಂದು ರಿಸ್ಟೋರ್ ಪಾಯಿಂಟ್ ಕೂಡ ಮಾಡಿದೆ, ಆದರೆ ಅದನ್ನು ಬ್ಯಾಕಪ್ ಎಂದು ಎಣಿಸಲಿಲ್ಲ. ಅದು ಕೂತಿರುವುದು ಅದೇ ಡಿಸ್ಕಿನಲ್ಲಿ, ಮೇಲಾಗಿ ಜಾಗ ಕಡಿಮೆಯಾದಾಗ ಹಳೆಯವುಗಳು ತಾವಾಗಿಯೇ ಅಳಿದುಹೋಗುತ್ತವೆ. ಒಂದು ನೋಟ್‌ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು, ಅಳಿಸಿದ ಪ್ರತಿಯೊಂದನ್ನೂ ದಿನಾಂಕದೊಂದಿಗೆ ಬರೆಯುತ್ತ ಹೋಗುವುದೆಂದು ನಿರ್ಧರಿಸಿದೆ. ಕಂಪ್ಯೂಟರ್ ಬೂಟ್ ಆಗದಿದ್ದರೆ ಅದರೊಳಗೇ ಬರೆದಿಟ್ಟ ಟಿಪ್ಪಣಿಯಿಂದ ಏನೂ ಪ್ರಯೋಜನವಿಲ್ಲ.

ಮೊದಲು ಅಳತೆ. ಅಡಗಿಸಿದ ಕಡತಗಳನ್ನೂ ಸಿಸ್ಟಂ ಕಡತಗಳನ್ನೂ ತೋರಿಸುವಂತೆ ಎಕ್ಸ್‌ಪ್ಲೋರರ್‌ಗೆ ಹೇಳಿ, ಒಂದೊಂದೇ ಫೋಲ್ಡರಿನ ಗಾತ್ರವನ್ನು ಬರೆದುಕೊಂಡೆ. ಯೂಸರ್ಸ್ ಫೋಲ್ಡರ್ 41 ಜಿಬಿ, ಎರಡೂ ಪ್ರೋಗ್ರಾಂ ಫೈಲ್ಸ್ ಸೇರಿ 19, ವಿಂಡೋಸ್ ಫೋಲ್ಡರ್ 37, ಪ್ರೋಗ್ರಾಂಡೇಟಾ 7, ಸಿ ಡ್ರೈವ್‌ನಲ್ಲಿ ನೇರವಾಗಿ ಕೂತಿರುವ ಹೈಬರ್‌ಫಿಲ್, ಪೇಜ್‌ಫೈಲ್‌ಗಳು ಸೇರಿ 9.2, ರಿಸ್ಟೋರ್ ಪಾಯಿಂಟ್‌ಗಳಿಗೆ 6. ಕೂಡಿಸಿದರೆ 119.2 ಜಿಬಿ ಆಯಿತು. ಡ್ರೈವಿನ ಒಟ್ಟು ಗಾತ್ರವೇ 118, ಬಳಕೆಯಾಗಿರುವುದು 115. ಎರಡು ಸಲ ಕೂಡಿಸಿ ನೋಡಿದೆ, ತಪ್ಪು ಕೂಡಿಕೆಯದಾಗಿರಲಿಲ್ಲ.

ಈ ವ್ಯತ್ಯಾಸಕ್ಕೆ ಕಾರಣ ವಿಂಡೋಸ್ ಫೋಲ್ಡರಿನ ಒಳಗಿರುವ ವಿನ್‌ಎಸ್‌ಎಕ್ಸ್‌ಎಸ್. ಜಾಗ ಹುಡುಕುವವರ ಕಣ್ಣು ಮೊದಲು ಬೀಳುವುದು ಇದರ ಮೇಲೆ, ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದೂ ಇದರ ಬಗ್ಗೆಯೇ. ವಿಂಡೋಸ್ ತನ್ನ ಎಲ್ಲ ಘಟಕಗಳ ಕಡತಗಳನ್ನೂ ಇಟ್ಟುಕೊಳ್ಳುವ ಉಗ್ರಾಣ ಇದು. ವಿಂಡೋಸಿನ ಮುಖ್ಯ ಕಡತಗಳಿರುವ ಸಿಸ್ಟಂ32 ಫೋಲ್ಡರಿನಲ್ಲಿ ನಮಗೆ ಕಾಣುವ ಬಹುಪಾಲು ಡಿಎಲ್ಎಲ್ ಕಡತಗಳು (ತಂತ್ರಾಂಶಗಳು ಹಂಚಿಕೊಂಡು ಬಳಸುವ ಕೋಡ್) ನಿಜಕ್ಕೂ ಈ ಉಗ್ರಾಣದ ಕಡತಗಳೇ. ವಿಂಡೋಸಿನ ಕಡತ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್‌ನಲ್ಲಿ ಹಾರ್ಡ್ ಲಿಂಕ್ ಎಂಬ ಏರ್ಪಾಡಿನ ಮೂಲಕ ಡಿಸ್ಕಿನ ಮೇಲಿನ ಒಂದೇ ದತ್ತಾಂಶಕ್ಕೆ ಎರಡು ಕಡೆ ಎರಡು ಹೆಸರು ಕೊಟ್ಟಿರುತ್ತಾರೆ. ಎಕ್ಸ್‌ಪ್ಲೋರರ್ ಹೆಸರುಗಳನ್ನು ಎಣಿಸುತ್ತದೆ, ಹಾಗಾಗಿ ಒಂದೇ ಕಡತ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಇಲ್ಲಿಂದ ಹೊರಡುವ ತೀರ್ಮಾನವೂ ಸ್ಪಷ್ಟ: ವಿನ್‌ಎಸ್‌ಎಕ್ಸ್‌ಎಸ್‌ನಲ್ಲಿರುವ ಅಂಥ ಒಂದು ಹೆಸರನ್ನು ಅಳಿಸಿದರೆ, ಇನ್ನೊಂದು ಹೆಸರು ಇರುವವರೆಗೆ ಒಂದು ಬೈಟ್ ಜಾಗವೂ ಸಿಗುವುದಿಲ್ಲ, ಆದರೆ ಉಗ್ರಾಣದ ಲೆಕ್ಕ ಮಾತ್ರ ಕೆಡುತ್ತದೆ, ಮುಂದಿನ ಅಪ್‌ಡೇಟ್ ನಿಲ್ಲುತ್ತದೆ.

ಉಗ್ರಾಣದ ನಿಜವಾದ ಗಾತ್ರವನ್ನು ಉಗ್ರಾಣದವನನ್ನೇ ಕೇಳಬೇಕು. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ಡಿಸ್ಮ್ ಎಂಬ ಕಮಾಂಡಿಗೆ ಆನ್‌ಲೈನ್, ಕ್ಲೀನಪ್-ಇಮೇಜ್, ಅನಲೈಸ್‌ಕಾಂಪೊನೆಂಟ್‌ಸ್ಟೋರ್ ಎಂಬ ಮೂರು ಸ್ವಿಚ್‌ಗಳನ್ನು ಕೊಟ್ಟೆ. ಕೆಲವು ನಿಮಿಷಗಳ ನಂತರ ಬಂದ ಉತ್ತರದಲ್ಲಿ, ಎಕ್ಸ್‌ಪ್ಲೋರರ್ ಹೇಳುವ ಗಾತ್ರ 8.9 ಜಿಬಿ, ನಿಜವಾದ ಗಾತ್ರ 8.5, ಅದರಲ್ಲಿ ವಿಂಡೋಸಿನೊಂದಿಗೆ ಹಂಚಿಕೊಂಡಿರುವುದೇ 6.1, ಹಳೆಯ ಘಟಕಗಳ ಬ್ಯಾಕಪ್ ಮತ್ತು ಆನ್ ಮಾಡದೆ ಇಟ್ಟಿರುವ ಸೌಲಭ್ಯಗಳು 2.4 ಎಂದಿತ್ತು. ಅಂದರೆ ಇಷ್ಟು ದೊಡ್ಡದಾಗಿ ಕಾಣುವ ಫೋಲ್ಡರಿನಲ್ಲಿ ಆಸೆಪಡಬಹುದಾದದ್ದು ಹೆಚ್ಚೆಂದರೆ 2.4 ಜಿಬಿ ಮಾತ್ರ. ಕೊನೆಯ ಸಾಲಿನಲ್ಲಿ ಕ್ಲೀನಪ್ ಮಾಡುವುದು ಒಳ್ಳೆಯದು ಎಂಬ ಸೂಚನೆಯೂ ಇತ್ತು. ನನ್ನ ಕೂಡಿಕೆಯಲ್ಲಿನ ಹೆಚ್ಚುವರಿಗೂ ಇಲ್ಲಿಯೇ ಉತ್ತರ ಸಿಕ್ಕಿತು. ಎರಡು ಸಲ ಎಣಿಸಿದ ಆರು ಜಿಬಿಯಲ್ಲಿ ಒಂದಷ್ಟನ್ನು, ನಾನು ಎಣಿಸದೆ ಬಿಟ್ಟ ಸಣ್ಣಪುಟ್ಟ ಫೋಲ್ಡರುಗಳೂ ಕಡತ ವ್ಯವಸ್ಥೆಯ ಸ್ವಂತ ದಾಖಲೆಗಳೂ ಸರಿದೂಗಿಸಿದ್ದವು.

ಅದೇ ಕಮಾಂಡಿಗೆ ಕೊನೆಯ ಸ್ವಿಚ್ ಬದಲಿಸಿ ಸ್ಟಾರ್ಟ್‌ಕಾಂಪೊನೆಂಟ್‌ಕ್ಲೀನಪ್ ಎಂದು ಕೊಟ್ಟೆ. ವಿಂಡೋಸ್ ಈ ಕೆಲಸವನ್ನು ನಿಗದಿತ ಕಾರ್ಯವಾಗಿ ತಾನೇ ಮಾಡಿಕೊಳ್ಳುತ್ತದೆ, ಆದರೆ ಆಗ ಹೊಸ ಘಟಕ ಬಂದು 30 ದಿನಗಳಾಗುವವರೆಗೆ ಹಳೆಯದನ್ನು ಉಳಿಸಿಕೊಂಡಿರುತ್ತದೆ. ನಾವು ಕಮಾಂಡ್ ಕೊಟ್ಟರೆ ಆ ಕಾಯುವಿಕೆ ಇರುವುದಿಲ್ಲ. ಶೇಕಡಾವಾರು ಎಣಿಕೆ ಇಪ್ಪತ್ತರ ಹತ್ತಿರ ಬಹಳ ಹೊತ್ತು ನಿಂತಾಗ ಕಿಟಕಿ ಮುಚ್ಚಿಬಿಡುವ ಮನಸ್ಸಾಗಿತ್ತು, ಮುಚ್ಚಲಿಲ್ಲ. ಮುಗಿದಾಗ 1.6 ಜಿಬಿ ಸಿಕ್ಕಿತ್ತು. ರೀಸೆಟ್‌ಬೇಸ್ ಎಂಬ ಇನ್ನೊಂದು ಸ್ವಿಚ್ ಸೇರಿಸಿದರೆ ಇನ್ನಷ್ಟು ಸಿಗುತ್ತದೆ, ಆದರೆ ಆಮೇಲೆ ಈಗಾಗಲೇ ಹಾಕಿರುವ ಯಾವ ಅಪ್‌ಡೇಟನ್ನೂ ಹಿಂದೆಗೆಯಲು ಬರುವುದಿಲ್ಲ. ಅಪ್‌ಡೇಟಿನಿಂದಲೇ ತೊಂದರೆ ಪಡುತ್ತಿರುವ ಯಂತ್ರದಲ್ಲಿ ಆ ದಾರಿಯನ್ನು ಮುಚ್ಚುವುದು ನನಗೆ ಸರಿ ಕಾಣಲಿಲ್ಲ.

ಇನ್ನು ತಾತ್ಕಾಲಿಕ ಕಡತಗಳಿರುವ ಟೆಂಪ್ ಫೋಲ್ಡರುಗಳು. ಇವು ನನ್ನ ಮೂರು ಪ್ರಶ್ನೆಗಳಿಗೂ ಸರಳವಾಗಿ ಉತ್ತರ ಕೊಡುವಂಥವು: ಇಟ್ಟವರು ಯಾವುದೋ ತಂತ್ರಾಂಶದವರು, ಲೆಕ್ಕ ಯಾರೂ ಇಟ್ಟಿಲ್ಲ, ಬೇಕಾದರೆ ಮತ್ತೆ ಹುಟ್ಟುತ್ತವೆ. ಒಂದೇ ಎಚ್ಚರಿಕೆಯೆಂದರೆ, ಇಂದು ನಡೆಯುತ್ತಿರುವ ಕೆಲಸ ಇಂದಿನ ಟೆಂಪ್ ಕಡತದ ಮೇಲೆ ನಿಂತಿರುತ್ತದೆ. ಇನ್‌ಸ್ಟಾಲ್ ಆಗುತ್ತಿರುವ ತಂತ್ರಾಂಶ ಅರ್ಧದಲ್ಲಿ ರೀಸ್ಟಾರ್ಟ್ ಕೇಳಿದ್ದರೆ, ರೀಸ್ಟಾರ್ಟ್ ಆದ ಮೇಲೆ ಬೇಕಾಗುವ ಸಾಮಾನನ್ನು ಅದು ಇಲ್ಲಿಯೇ ಬಿಟ್ಟಿರಬಹುದು. ಆದ್ದರಿಂದ ಮೊದಲು ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ಏನನ್ನೂ ತೆರೆಯದೆ, ಒಂದು ವಾರಕ್ಕಿಂತ ಹಳೆಯದನ್ನು ಮಾತ್ರ ಅಳಿಸಿದೆ. ವಿಂಡೋಸಿನದೇ ಹಳೆಯ ಉಪಕರಣವಾದ ಡಿಸ್ಕ್ ಕ್ಲೀನಪ್ ಕೂಡ ಪಾಲಿಸುತ್ತಿದ್ದುದು ಇದೇ ವಾರದ ಗಡಿಯನ್ನು. ಬಳಕೆಯಲ್ಲಿದೆ ಎಂದು ವಿಂಡೋಸ್ ತಡೆದ ಏಳೆಂಟು ಕಡತಗಳನ್ನು ಸ್ಕಿಪ್ ಮಾಡಿದೆ. ಬಳಕೆದಾರನ ಟೆಂಪ್, ವಿಂಡೋಸಿನ ಟೆಂಪ್ ಎರಡೂ ಸೇರಿ 3.9 ಜಿಬಿ.

ಡಿಸ್ಕ್ ಕ್ಲೀನಪ್ ಎಂದಾಗ ಒಂದು ಮಾತು. ಅದರಲ್ಲಾಗಲಿ, ಈಗಿನ ಸೆಟ್ಟಿಂಗ್ಸಿನ ಸ್ಟೋರೇಜ್ ಪುಟದಲ್ಲಾಗಲಿ, ಪಟ್ಟಿಯಲ್ಲಿದ್ದ ಮಾತ್ರಕ್ಕೆ ಎಲ್ಲಕ್ಕೂ ಟಿಕ್ ಹಾಕಬಾರದು. ವಿಂಡೋಸ್ 10ರ 1809ನೇ ಆವೃತ್ತಿಯಲ್ಲಿ ಡೌನ್‌ಲೋಡ್ಸ್ ಫೋಲ್ಡರನ್ನೂ ಡಿಸ್ಕ್ ಕ್ಲೀನಪ್ ಪಟ್ಟಿಗೆ ಸೇರಿಸಿದ್ದರು. ಅಭ್ಯಾಸಬಲದಿಂದ ಎಲ್ಲಕ್ಕೂ ಟಿಕ್ ಹಾಕಿದವರು ತಮ್ಮ ಸ್ವಂತ ಕಡತಗಳನ್ನೇ ಕಳೆದುಕೊಂಡರು. ಸ್ಟೋರೇಜ್ ಪುಟದ ತಾತ್ಕಾಲಿಕ ಕಡತಗಳ ಪಟ್ಟಿಯಲ್ಲಿ ಅದು ಈಗಲೂ ಇದೆ, ನಾನು ಅದನ್ನು ಮುಟ್ಟಲಿಲ್ಲ.

ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಷನ್ ಫೋಲ್ಡರ್ 4.1 ಜಿಬಿ ಇತ್ತು. ಇಳಿಸಿಕೊಂಡ ಅಪ್‌ಡೇಟುಗಳು ಬಿಚ್ಚಿಕೊಳ್ಳುವ ಮೊದಲು ಕೂರುವುದು ಇದರೊಳಗಿನ ಡೌನ್‌ಲೋಡ್ ಎಂಬ ಒಳಫೋಲ್ಡರಿನಲ್ಲಿ. ಮೂರು ವಾರಗಳಿಂದ ಅರ್ಧಕ್ಕೆ ನಿಂತ ಅಪ್‌ಡೇಟಿನ ತುಣುಕುಗಳೆಲ್ಲ ಇಲ್ಲಿಯೇ ರಾಶಿ ಬಿದ್ದಿದ್ದವು. ಜಾಗ ಸಾಲದೆ ಅಪ್‌ಡೇಟ್ ನಿಲ್ಲುವುದು, ನಿಂತ ಅಪ್‌ಡೇಟೇ ಜಾಗ ತಿನ್ನುವುದು ಎಂಬ ಸುತ್ತು ಹೀಗೆ ನಡೆದಿತ್ತು. ವಿಂಡೋಸ್ ಅಪ್‌ಡೇಟ್ ಮತ್ತು ಹಿನ್ನೆಲೆಯಲ್ಲಿ ಕಡತ ಇಳಿಸಿಕೊಳ್ಳುವ ಬಿಟ್ಸ್ ಎಂಬ ಎರಡು ಸರ್ವೀಸ್‌ಗಳನ್ನು ನಿಲ್ಲಿಸಿ, ಡೌನ್‌ಲೋಡ್ ಒಳಗಿನದನ್ನು ಮಾತ್ರ ಅಳಿಸಿ, ಸರ್ವೀಸ್‌ಗಳನ್ನು ಮತ್ತೆ ಶುರು ಮಾಡಿದೆ. ಪಕ್ಕದಲ್ಲೇ ಇರುವ ಡೇಟಾಸ್ಟೋರ್ ಫೋಲ್ಡರನ್ನು ಬಿಟ್ಟೆ. ಹಿಂದಿನ ಅಪ್‌ಡೇಟುಗಳ ಇತಿಹಾಸ ಅದರಲ್ಲಿರುತ್ತದೆ, ಗಾತ್ರವೂ ದೊಡ್ಡದಲ್ಲ. 3.8 ಜಿಬಿ ಸಿಕ್ಕಿತು. ಅದೇ ಅಪ್‌ಡೇಟನ್ನು ಇನ್ನೊಮ್ಮೆ ಇಳಿಸಿಕೊಳ್ಳಬೇಕಾಗುವುದರಿಂದ ಇದರಲ್ಲಿ ಒಂದು ಭಾಗ ಸಾಲವೆಂದೇ ತಿಳಿಯಬೇಕು.

ವಿಂಡೋಸ್ ಫೋಲ್ಡರಿನ ಲಾಗ್ಸ್ ಒಳಗಿರುವ ಸಿಬಿಎಸ್ ಎಂಬಲ್ಲಿ 1.9 ಜಿಬಿಯಷ್ಟು ಬರಿಯ ಪಠ್ಯ ಕಡತಗಳಿದ್ದವು. ಘಟಕಗಳನ್ನು ಹಾಕುವ, ತೆಗೆಯುವ ಪ್ರತಿಯೊಂದು ಹೆಜ್ಜೆಯನ್ನೂ ವಿಂಡೋಸ್ ಬರೆದಿಡುವ ದಿನಚರಿ ಇದು, ವಿಫಲವಾದ ಅಪ್‌ಡೇಟುಗಳ ಪುರಾಣವೆಲ್ಲ ಇದರಲ್ಲಿದೆ. ತೊಂದರೆಯ ಮೂಲ ಜಾಗದ ಕೊರತೆ ಎಂಬುದು ಆಗಲೇ ಗೊತ್ತಾಗಿದ್ದರಿಂದ ಸಿಬಿಎಸ್‌ಪರ್ಸಿಸ್ಟ್ ಎಂಬ ಹೆಸರಿನ ಹಳೆಯವುಗಳನ್ನು ಅಳಿಸಿ, ಈಗ ಬರೆಯುತ್ತಿರುವ ಒಂದನ್ನು ಉಳಿಸಿದೆ, 1.7 ಜಿಬಿ. ಮೆಮೊರಿ.ಡಿಎಂಪಿ ಎಂಬ 0.9 ಜಿಬಿಯ ಕಡತದ ದಿನಾಂಕ ಕಳೆದ ವರ್ಷದ್ದು. ನೀಲಿ ಪರದೆ ಬಂದಾಗ ಮೆಮೊರಿಯಲ್ಲಿದ್ದುದನ್ನು ವಿಂಡೋಸ್ ಬರೆದಿಡುವ ಕಡತ ಅದು. ಆಮೇಲೆ ನೀಲಿ ಪರದೆ ಮತ್ತೆ ಕಾಣಿಸಿಕೊಂಡಿಲ್ಲವಾದ್ದರಿಂದ ಅಳಿಸಿದೆ. ಕಾರಣ ಇನ್ನೂ ಹುಡುಕುತ್ತಿರುವವರು ಅದನ್ನು ಉಳಿಸಿಕೊಳ್ಳಬೇಕು, ಏಕೆಂದರೆ ಮುಖ್ಯ ಸಾಕ್ಷಿ ಅದೇ.

ಹೈಬರ್‌ಫಿಲ್.ಸಿಸ್ 3.2 ಜಿಬಿ ಇತ್ತು, ಎಂಟು ಜಿಬಿ ರ‍್ಯಾಮಿನ ಶೇಕಡಾ 40. ಹೈಬರ್ನೇಟ್ ಮಾಡಿದಾಗ ಮೆಮೊರಿಯ ಪ್ರತಿ ಬರೆದಿಡಲು ಕಾದಿರಿಸಿದ ಜಾಗ ಇದು. ಎಕ್ಸ್‌ಪ್ಲೋರರ್‌ನಿಂದ ಅಳಿಸಲು ಹೋದರೆ ಆಗುವುದಿಲ್ಲ; ಇದರ ಲೆಕ್ಕ ಇಟ್ಟವನು ಪವರ್‌ಸಿಎಫ್‌ಜಿ ಎಂಬ ಕಮಾಂಡ್. ಅದಕ್ಕೆ ಹೈಬರ್ನೇಟ್ ಆಫ್ ಎಂದು ಹೇಳಿದರೆ ಕಡತ ಪೂರ್ತಿ ಹೋಗುತ್ತದೆ, ಜೊತೆಗೆ ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತದೆ, ಏಕೆಂದರೆ ಬೇಗ ಶುರುವಾಗಲು ವಿಂಡೋಸ್ ತನ್ನ ತಿರುಳಾದ ಕರ್ನೆಲ್ಲಿನ ಸ್ಥಿತಿಯನ್ನು ಬರೆದಿಡುವುದೂ ಇದೇ ಕಡತದಲ್ಲಿ. ಮಧ್ಯದ ದಾರಿಯೊಂದಿದೆ: ಟೈಪ್ ರಿಡ್ಯೂಸ್ಡ್ ಎಂದು ಕೊಟ್ಟರೆ ಕಡತ ರ‍್ಯಾಮಿನ ಶೇಕಡಾ 20ಕ್ಕೆ ಇಳಿಯುತ್ತದೆ, ಫಾಸ್ಟ್ ಸ್ಟಾರ್ಟಪ್ ಉಳಿಯುತ್ತದೆ, ಹೈಬರ್ನೇಟ್ ಮಾತ್ರ ಇರುವುದಿಲ್ಲ. ನಾನು ಹೈಬರ್ನೇಟ್ ಬಳಸುವುದೇ ಇಲ್ಲವಾದ್ದರಿಂದ ಇದನ್ನು ಆರಿಸಿಕೊಂಡೆ, 1.6 ಜಿಬಿ ಉಳಿಯಿತು.

ಮೆಮೊರಿ ಸಾಲದಾದಾಗ ಅದರಲ್ಲಿದ್ದುದನ್ನು ವಿಂಡೋಸ್ ಡಿಸ್ಕಿನಲ್ಲಿ ಇಟ್ಟುಕೊಳ್ಳುವ ಪೇಜ್‌ಫೈಲ್.ಸಿಸ್ ವಿಷಯದಲ್ಲಿ ನಾನು ಮಧ್ಯದ ದಾರಿಯನ್ನೂ ಹುಡುಕಲಿಲ್ಲ. ಆರು ಜಿಬಿ ಕಣ್ಣಿಗೆ ಚುಚ್ಚುತ್ತದೆ ನಿಜ. ಆದರೆ ತಂತ್ರಾಂಶಗಳಿಗೆ ಒಟ್ಟು ಎಷ್ಟು ಮೆಮೊರಿ ಕೊಡುತ್ತೇನೆಂದು ವಿಂಡೋಸ್ ಮಾತು ಕೊಡುವುದು ರ‍್ಯಾಮ್ ಮತ್ತು ಪೇಜ್‌ಫೈಲ್ ಎರಡನ್ನೂ ಸೇರಿಸಿ. ಎಂಟು ಜಿಬಿ ರ‍್ಯಾಮಿನ ಯಂತ್ರದಲ್ಲಿ ಅದನ್ನು ತೆಗೆದರೆ ಬ್ರೌಸರಿನ ಟ್ಯಾಬ್‌ಗಳು ಕಾರಣ ಹೇಳದೆ ಮುಚ್ಚಿಕೊಳ್ಳಲು ಶುರುವಾಗುತ್ತವೆ. ಕ್ರ್ಯಾಶ್ ಆದಾಗ ಮೆಮೊರಿಯ ಪ್ರತಿ ಮೊದಲು ಇಳಿಯುವುದೂ ಅದರೊಳಕ್ಕೇ. ಸಿಸ್ಟಮ್ಮಿನ ಉಸ್ತುವಾರಿಗೇ ಬಿಟ್ಟೆ.

ಮತ್ತೆ ಹುಟ್ಟುತ್ತದೆ ಎಂಬ ಒಂದೇ ಕಾರಣಕ್ಕೆ ಅಳಿಸಬಾರದ ಕೆಲವೂ ಇವೆ. ಪ್ರಿಫೆಚ್ ಫೋಲ್ಡರನ್ನು ಖಾಲಿ ಮಾಡಿ ಎಂಬ ಸಲಹೆಯನ್ನು ನಾನು ಬಹಳ ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ನನ್ನ ಯಂತ್ರದಲ್ಲಿ ಅದರ ಗಾತ್ರ 20 ಎಂಬಿಯನ್ನೂ ಮುಟ್ಟಿರಲಿಲ್ಲ, ವಿಂಡೋಸೇ ಅದಕ್ಕೊಂದು ಮಿತಿ ಇಟ್ಟಿದೆ, ಮತ್ತು ಅಳಿಸಿದರೆ ತಂತ್ರಾಂಶಗಳು ಮೊದಲ ಸಲ ತೆರೆಯುವಾಗ ನಿಧಾನವಾಗುತ್ತವೆ. ಹುಡುಕಾಟದ ಇಂಡೆಕ್ಸ್ ಕಡತ ಒಂದು ಜಿಬಿಗಿಂತ ಸ್ವಲ್ಪ ಹೆಚ್ಚಿತ್ತು. ಅಳಿಸಿದರೆ ಗಂಟೆಗಟ್ಟಲೆ ಡಿಸ್ಕನ್ನು ಓದಿ ಅಷ್ಟೇ ದೊಡ್ಡದಾಗಿ ಮತ್ತೆ ಕಟ್ಟಿಕೊಳ್ಳುತ್ತದೆ. ಥಂಬ್‌ನೇಲ್‌ಗಳ ಕಥೆಯೂ ಇದೇ.

ಈಗ ನನ್ನನ್ನು ಹಿಂದೆ ಕೆಡವಿದ ಇನ್‌ಸ್ಟಾಲರ್ ಫೋಲ್ಡರ್. ಈ ಯಂತ್ರದಲ್ಲಿ ಅದರ ಗಾತ್ರ 5.3 ಜಿಬಿ, ಅಂದರೆ ದೊಡ್ಡದೊಂದು ಪ್ರಲೋಭನೆ. ವಿಂಡೋಸ್ ಇನ್‌ಸ್ಟಾಲರ್ ಮೂಲಕ ಹಾಕಿದ ಪ್ರತಿ ತಂತ್ರಾಂಶದ ಎಂಎಸ್ಐ ಕಡತವೂ, ಅದಕ್ಕೆ ಬಂದ ಪ್ರತಿ ತೇಪೆಯ ಎಂಎಸ್‌ಪಿ ಕಡತವೂ ಇಲ್ಲಿ ಹೊಸ ಹೆಸರಿನೊಂದಿಗೆ ಕೂರುತ್ತವೆ, ಯಾವ ಹೆಸರು ಯಾವ ತಂತ್ರಾಂಶದ್ದು ಎಂಬ ಲೆಕ್ಕ ವಿಂಡೋಸಿನ ಸೆಟ್ಟಿಂಗ್‌ಗಳ ದಾಖಲೆಯಾದ ರಿಜಿಸ್ಟ್ರಿಯಲ್ಲಿರುತ್ತದೆ. ರಿಪೇರಿ, ಅಪ್‌ಡೇಟ್, ಅನ್‌ಇನ್‌ಸ್ಟಾಲ್ ಎಲ್ಲಕ್ಕೂ ಈ ಕಡತವೇ ಆಧಾರ. ಇವುಗಳಲ್ಲಿ ವಾರಸುದಾರರಿಲ್ಲದ ಕಡತಗಳೂ ಇರಬಹುದು, ಅವುಗಳನ್ನು ರಿಜಿಸ್ಟ್ರಿಯೊಂದಿಗೆ ತಾಳೆ ನೋಡಿ ಹುಡುಕಿಕೊಡುವ ಉಪಕರಣಗಳೂ ಇವೆ. ಇಮೇಜ್ ಕೈಯಲ್ಲಿದ್ದರೂ ನಾನು ಅವುಗಳನ್ನು ಬಳಸಲಿಲ್ಲ; ಆ ತಾಳೆಯಲ್ಲಿ ಒಂದು ತಪ್ಪಾದರೂ ಅದು ನನಗೆ ಗೊತ್ತಾಗುವುದು ತಿಂಗಳುಗಳ ನಂತರ. ಈ ಫೋಲ್ಡರನ್ನು ಚಿಕ್ಕದು ಮಾಡುವ ಸರಿಯಾದ ದಾರಿ ಬೇಡದ ತಂತ್ರಾಂಶವನ್ನು ಅದರದೇ ಅನ್‌ಇನ್‌ಸ್ಟಾಲಿನಿಂದ ತೆಗೆಯುವುದು. ನನ್ನ ಪಟ್ಟಿಯಲ್ಲಿ ತೆಗೆಯಬೇಕಾದದ್ದು ಒಂದೂ ಉಳಿದಿರಲಿಲ್ಲ.

ಪ್ರೋಗ್ರಾಂಡೇಟಾದ ಒಳಗೆ ಪ್ಯಾಕೇಜ್ ಕ್ಯಾಶ್ ಎಂಬುದೊಂದಿದೆ. ಕ್ಯಾಶ್ ಎಂಬ ಹೆಸರನ್ನು ನಂಬಿ ಅಳಿಸುವವರು ಬಹಳ, ಆದರೆ ಅದರ ಕೆಲಸವೂ ಇನ್‌ಸ್ಟಾಲರ್ ಫೋಲ್ಡರಿನದೇ. ವಿಷುಯಲ್ ಸಿ++ ರನ್‌ಟೈಂಗಳ (ಬೇರೆ ತಂತ್ರಾಂಶಗಳು ನಡೆಯಲು ಬೇಕಾಗುವ ಕಡತಗಳ ಕಟ್ಟು) ಇನ್‌ಸ್ಟಾಲರುಗಳು ಸಾಮಾನ್ಯವಾಗಿ ಅಲ್ಲಿ ಕೂತಿರುತ್ತವೆ. ಇದೇ ರನ್‌ಟೈಂಗಳು ತಂತ್ರಾಂಶಗಳ ಪಟ್ಟಿಯಲ್ಲಿ 2008, 2010, 2012, 2013 ಎಂದು ಸಾಲಾಗಿ, ಒಂದೊಂದೂ ಎರಡೆರಡು ಸಲ ಕಾಣುವಾಗ ನಕಲುಗಳೆಂಬ ಭ್ರಮೆ ಹುಟ್ಟುತ್ತದೆ. ಅವು ನಕಲುಗಳಲ್ಲ: 2010ರದರ ಮೇಲೆ ಕಟ್ಟಿದ ತಂತ್ರಾಂಶಕ್ಕೆ 2013ರದು ಆಗಿಬರುವುದಿಲ್ಲ, 32 ಬಿಟ್ಟಿನದಕ್ಕೆ 64 ಬಿಟ್ಟಿನದು ಆಗಿಬರುವುದಿಲ್ಲ. ಸಿಸ್‌ವಾವ್64 ಫೋಲ್ಡರಿನ ವಿಷಯದಲ್ಲೂ ಇದೇ ಗೊಂದಲ. ಸಿಸ್ಟಂ32 ಎಂಬುದರಲ್ಲಿ 64 ಬಿಟ್ ಕಡತಗಳೂ, ಸಿಸ್‌ವಾವ್64 ಎಂಬುದರಲ್ಲಿ 32 ಬಿಟ್ ಕಡತಗಳೂ ಇವೆ. ಹೆಸರಿಟ್ಟವರು ಹಳೆಯ ತಂತ್ರಾಂಶಗಳಿಗೆ ತೊಂದರೆಯಾಗಬಾರದೆಂದು ಹೀಗೆ ಮಾಡಿದರು, ನೋಡುವವರಿಗೆ ಮಾತ್ರ ಎಲ್ಲವೂ ತಲೆಕೆಳಗು.

ಹೆಸರು ನೋಡಿ ತೀರ್ಮಾನಿಸುವುದರ ಅಪಾಯಕ್ಕೆ ಹಳೆಯ ಸಾಕ್ಷಿಯೂ ಇದೆ. 2001ರಲ್ಲಿ ಸಲ್ಫ್‌ಎನ್‌ಬಿಕೆ.ಇಎಕ್ಸ್‌ಇ ಎಂಬ ಕಡತ ವೈರಸ್ ಎಂದು ಹೇಳುವ ಇಮೇಲ್ ಊರೆಲ್ಲ ಸುತ್ತಿತು. ವಿಂಡೋಸಿನ ಉದ್ದ ಕಡತನಾಮಗಳನ್ನು ಮತ್ತೆ ಸರಿಪಡಿಸುವ ಒಂದು ನಿರಪರಾಧಿ ಉಪಕರಣ ಅದು. ಮರುವರ್ಷ ಜೆಡಿಬಿಜಿಎಂಜಿಆರ್.ಇಎಕ್ಸ್‌ಇ ಸರದಿ, ಅದರ ಐಕಾನ್ ಕರಡಿಮರಿಯ ಗೊಂಬೆಯಾಗಿದ್ದುದೇ ಜನರ ಅನುಮಾನಕ್ಕೆ ಸಾಕಾಗಿತ್ತು. ಎರಡನ್ನೂ ಅಳಿಸಿದವರು ಮೋಸಹೋದದ್ದು ವೈರಸ್ಸಿನಿಂದಲ್ಲ, ಸಿಸ್ಟಂ ಕಡತವೆಂದರೆ ಹೀಗೇ ಕಾಣಬೇಕೆಂಬ ತಮ್ಮ ಊಹೆಯಿಂದ.

ಡ್ರೈವರುಗಳ ವಿಚಾರ ಸ್ವಲ್ಪ ನಾಜೂಕಿನದು. ಸಿಸ್ಟಂ32ರ ಒಳಗಿನ ಡ್ರೈವರ್‌ಸ್ಟೋರ್ 3.9 ಜಿಬಿ ಇತ್ತು, ಗ್ರಾಫಿಕ್ಸ್ ಡ್ರೈವರಿನ ಹಳೆಯ ಆವೃತ್ತಿಗಳೇ ಅದರಲ್ಲಿ ಹೆಚ್ಚು. ಡ್ರೈವರ್ ಅಪ್‌ಡೇಟ್ ಆದಾಗ ಹಳೆಯದು ಕೂಡಲೇ ಹೋಗುವುದಿಲ್ಲ, ಹೊಸದು ಕೈಕೊಟ್ಟರೆ ಹಿಂದಿರುಗಲು ಇರಲಿ ಎಂದು ಉಳಿಯುತ್ತದೆ. ಪಿಎನ್‌ಪಿಯುಟಿಲ್ ಎಂಬ ಕಮಾಂಡಿಗೆ ಎನಮ್-ಡ್ರೈವರ್ಸ್ ಎಂದು ಕೊಟ್ಟು ಪಟ್ಟಿ ತೆಗೆಸಿದೆ. ಪ್ರತಿ ಡ್ರೈವರಿಗೂ ಓಇಎಂ ಎಂಬ ಅಕ್ಷರಗಳೂ ಒಂದು ಸಂಖ್ಯೆಯೂ ಇರುವ ಹೆಸರು, ಮೂಲ ಹೆಸರು, ತಯಾರಕ, ದಿನಾಂಕ, ಆವೃತ್ತಿ ಇವಿಷ್ಟೂ ಬಂದವು. ಒಂದೇ ಮೂಲ ಹೆಸರು ಐದು ಸಲ ಇದ್ದ ಕಡೆ ಹೊಸದನ್ನೂ ಅದರ ಹಿಂದಿನದನ್ನೂ ಉಳಿಸಿ, ಉಳಿದ ಮೂರನ್ನು ಡಿಲೀಟ್-ಡ್ರೈವರ್ ಮೂಲಕ ಒಂದೊಂದಾಗಿ ತೆಗೆದೆ. ಫೋರ್ಸ್ ಎಂಬ ಸ್ವಿಚ್ ಬಳಸಲಿಲ್ಲ. ಅದಿಲ್ಲದಿದ್ದರೆ ಯಾವುದಾದರೂ ಸಾಧನ ಬಳಸುತ್ತಿರುವ ಡ್ರೈವರನ್ನು ತೆಗೆಯಲು ಕಮಾಂಡ್ ಒಪ್ಪುವುದಿಲ್ಲ, ಆ ನಿರಾಕರಣೆಯೇ ನನಗೆ ಬೇಕಾದ ಕಾವಲು. ಒಂದು ಕಡೆ ಅದು ಒಪ್ಪಲಿಲ್ಲ ಕೂಡ. ನಾನು ಹಳೆಯದೆಂದು ಎಣಿಸಿದ್ದ ಆಡಿಯೊ ಡ್ರೈವರ್ ಬಳಕೆಯಲ್ಲಿತ್ತು. 1.9 ಜಿಬಿ ಸಿಕ್ಕಿತು.

ಇದೇ ಬಗೆಯ ಇನ್ನೊಂದು ಕಾವಲು ಟ್ರಸ್ಟೆಡ್‌ಇನ್‌ಸ್ಟಾಲರ್ ಎಂಬ ವಿಂಡೋಸಿನದೇ ಸರ್ವೀಸ್. ವಿಸ್ಟಾದಿಂದ ಈಚೆಗೆ ವಿಂಡೋಸಿನ ಮೂಲ ಕಡತಗಳ ಒಡೆತನ ಅದರ ಹೆಸರಿನಲ್ಲಿರುತ್ತದೆ, ಅಡ್ಮಿನಿಸ್ಟ್ರೇಟರಿಗೂ ಅಳಿಸಲು ಬಿಡುವುದಿಲ್ಲ. ಒಡೆತನವನ್ನು ನಮ್ಮ ಹೆಸರಿಗೆ ಬದಲಿಸಿಕೊಂಡು ಅಳಿಸುವ ಉಪಾಯವನ್ನು ಅನೇಕರು ಹೇಳಿಕೊಡುತ್ತಾರೆ. ಅಳಿಸಬಹುದೇ ಎಂದು ಕೇಳಿದ್ದಕ್ಕೆ ವಿಂಡೋಸ್ ಕೊಟ್ಟ ಉತ್ತರವೇ ಆ ನಿರಾಕರಣೆ, ಅದನ್ನು ಅಡ್ಡಿ ಎಂದು ತಿಳಿಯಬೇಕಾದ್ದಿಲ್ಲ.

ಕೊನೆಗೆ ಉಳಿದದ್ದು ಯಾರದೆಂದು ಗೊತ್ತಾಗದ ಒಂದು ಫೋಲ್ಡರ್. ಪ್ರೋಗ್ರಾಂಡೇಟಾದ ಒಳಗೆ 1.1 ಜಿಬಿ, ಹೆಸರಿನಲ್ಲಿ ನಾಲ್ಕು ಅಕ್ಷರ, ಒಳಗೆ ಎರಡು ವರ್ಷಗಳಿಂದ ಬದಲಾಗದ ಕಡತಗಳು. ಹಿಂದೆ ತೆಗೆದುಹಾಕಿದ್ದ ಒಂದು ಬ್ಯಾಕಪ್ ತಂತ್ರಾಂಶದ ಅವಶೇಷ ಎಂದು ನನಗೆ ಹೆಚ್ಚುಕಡಿಮೆ ಖಾತ್ರಿಯಾಗಿತ್ತು. ಆದರೂ ಅಳಿಸದೆ, ಹೆಸರಿನ ಕೊನೆಗೆ ಒಂದು ಅಡಿಗೆರೆ ಸೇರಿಸಿ ಬಿಟ್ಟು, ದಿನಾಂಕ ಬರೆದುಕೊಂಡೆ. ಆರು ದಿನ ಏನೂ ಆಗಲಿಲ್ಲ. ಏಳನೆಯ ದಿನ ಸ್ಕ್ಯಾನರ್ ಚಾಲೂ ಮಾಡಿ ಒಂದು ಹಾಳೆ ಇಟ್ಟರೆ, ಸ್ಕ್ಯಾನ್ ಆಯಿತು, ಪಠ್ಯ ಗುರುತಿಸುವ ಹಂತದಲ್ಲಿ ತಂತ್ರಾಂಶ ಮುಚ್ಚಿಕೊಂಡಿತು. ವಿಂಡೋಸಿನ ದೋಷಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆರೆದು ನೋಡಿದರೆ, ಆ ನಾಲ್ಕು ಅಕ್ಷರದ ಫೋಲ್ಡರಿನ ದಾರಿಯೇ ದೋಷದ ಸಾಲಿನಲ್ಲಿತ್ತು. ಭಾಷೆಗಳ ಅಕ್ಷರ ಗುರುತಿಸುವ ದತ್ತಾಂಶ ಅದರೊಳಗಿತ್ತು. ಎರಡು ವರ್ಷ ಬದಲಾಗದೆ ಇದ್ದುದು ಬದಲಾಗುವ ಅಗತ್ಯವೇ ಇಲ್ಲದ್ದರಿಂದ. ಅಡಿಗೆರೆ ತೆಗೆದೆ, ಸ್ಕ್ಯಾನರ್ ಸರಿಹೋಯಿತು. ಅಳಿಸಿಬಿಟ್ಟಿದ್ದರೆ ಸ್ಕ್ಯಾನರೇ ಕೆಟ್ಟಿದೆ ಎಂದು ನಾನು ಅದರ ಸ್ಕ್ರೂ ಬಿಚ್ಚುತ್ತಿದ್ದೆನೋ ಏನೋ.

ರಿಸ್ಟೋರ್ ಪಾಯಿಂಟ್‌ಗಳಿಗೆ ಕೈಹಾಕಿದ್ದು ಇದೆಲ್ಲ ಮುಗಿದ ಮೇಲೆ. ನಾನು ಮಾಡುತ್ತಿರುವ ಕೆಲಸಕ್ಕೇ ಅವು ಆಸರೆಯಾಗಿರುವಾಗ, ಜಾಗ ಬೇಕೆಂದು ಅವುಗಳನ್ನೇ ಮೊದಲು ಅಳಿಸುವುದು ಕೂತ ಕೊಂಬೆಯನ್ನು ಕಡಿದಂತೆ. ಸಿಸ್ಟಂ ಪ್ರೊಟೆಕ್ಷನ್ ಪುಟದಲ್ಲಿ ಗರಿಷ್ಠ ಬಳಕೆಯ ಗುಂಡಿಯನ್ನು ಆರು ಜಿಬಿಯಿಂದ ನಾಲ್ಕಕ್ಕೆ ಎಳೆದೆ. ಹಳೆಯ ಪಾಯಿಂಟ್‌ಗಳು ಹೋಗಿ ಈಚಿನವು ಉಳಿದವು, ಎರಡು ಜಿಬಿ ಬಂತು. ವಿಂಡೋಸ್.ಓಲ್ಡ್ ಫೋಲ್ಡರ್ ನನ್ನಲ್ಲಿ ಇರಲಿಲ್ಲ. ದೊಡ್ಡ ಅಪ್‌ಗ್ರೇಡ್ ಆದ ಮೇಲೆ ಹತ್ತು ದಿನಗಳಿಗೆ ವಿಂಡೋಸೇ ಅದನ್ನು ತೆಗೆಯುತ್ತದೆ, ಅದಕ್ಕಿಂತ ಮೊದಲು ತೆಗೆದರೆ ಹಳೆಯ ಆವೃತ್ತಿಗೆ ಮರಳುವ ಅವಕಾಶ ಹೋಗುತ್ತದೆ.

ಎಲ್ಲ ಮುಗಿದಾಗ ಸಿ ಡ್ರೈವ್‌ನಲ್ಲಿ ಖಾಲಿ ಇದ್ದದ್ದು 20.5 ಜಿಬಿ, ಅಂದರೆ 17.4 ಜಿಬಿ ಬಿಡುಗಡೆಯಾಗಿತ್ತು. ರೀಸ್ಟಾರ್ಟ್ ಮಾಡಿ, ಎಸ್‌ಎಫ್‌ಸಿ ಕಮಾಂಡಿಗೆ ಸ್ಕ್ಯಾನ್‌ನೌ ಕೊಟ್ಟು ಸಿಸ್ಟಂ ಕಡತಗಳನ್ನು ಪರೀಕ್ಷಿಸಿದೆ; ದೋಷವೇನೂ ಸಿಗಲಿಲ್ಲ. ಆಮೇಲೆ ಅಪ್‌ಡೇಟ್ ಶುರು ಮಾಡಿದೆ. ಇಳಿದು, ಬಿಚ್ಚಿಕೊಂಡು, ಎರಡು ಸಲ ರೀಸ್ಟಾರ್ಟ್ ಆಗಿ, ಮೂರು ವಾರಗಳಲ್ಲಿ ಮೊದಲ ಬಾರಿಗೆ ಪೂರ್ತಿಯಾಗಿ ಮುಗಿಯಿತು. ಹೊರಗಿನ ಡಿಸ್ಕಿನಲ್ಲಿರುವ ಇಮೇಜನ್ನು ಮೂರು ತಿಂಗಳು ಅಳಿಸುವುದಿಲ್ಲವೆಂದು ನೋಟ್‌ಪುಸ್ತಕದಲ್ಲಿ ಬರೆದಿದ್ದೇನೆ. ಹಿಂದಿನ ಸಲ ಎಂಎಸ್ಐ ಕಡತ ಎಲ್ಲಿ ಎಂಬ ಪ್ರಶ್ನೆ ಬರಲು ಎರಡು ತಿಂಗಳು ಹಿಡಿದಿತ್ತು.